ರಾಮನಗರದ ಬಂಡೆ ಅಡ್ಡ ಬರಲಿಲ್ಲ

ಚನ್ನಪಟ್ಟಣದಿಂದ ರಾಮನಗರಕ್ಕೆ ಮೈಕ್ರೋವೇವ್ ಲಿಂಕ್ ಹಾಕುತ್ತೇವೆ ಅಂದಾಗ ಎಲ್ಲರೂ ಮೊದಲು ಎತ್ತಿದ್ದು ಬೆಟ್ಟದ ಮಾತನ್ನೇ. 'ಶೋಲೆ' ಚಿತ್ರದ ಬಂಡೆಗಳು ಅಷ್ಟು ಹೆಸರುವಾಸಿ. ಆದರೆ ರಾಮದೇವರ ಬೆಟ್ಟ ಇರುವುದು ಊರಿನ ಆಚೆ ಬದಿಗೆ. ನಮ್ಮ ಗೆರೆ ನೈಋತ್ಯದಿಂದ ಬರುತ್ತದೆ. ಬೆಟ್ಟದ ಮೇಲೇ ಒಂದು ಡಿಶ್ ಇಟ್ಟುಬಿಡಿ ಎಂದವರಿಗೆ ಅದು 2012ರಿಂದ ರಣಹದ್ದುಗಳ ಧಾಮ ಎಂದು ನೆನಪಿಸಬೇಕಾಯಿತು. ನಿಜವಾಗಿ ಅಡ್ಡ ನಿಂತದ್ದು ತೆಂಗಿನ ತೋಟಗಳು.

ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳಲ್ಲಿ ಜೆಸಿಬಿ ಫೈಬರನ್ನು ಆಗಾಗ ಕಿತ್ತು ಹಾಕುತ್ತಿತ್ತು. ಹಾಗಾಗಿ ಗಾಳಿಯಲ್ಲೊಂದು ದಾರಿ ಬೇಕಾಗಿತ್ತು. 5.8 ಗಿಗಾಹರ್ಟ್ಸ್‌ಗೆ ಲೈಸೆನ್ಸ್ ಬೇಕಿಲ್ಲ, ಆದ್ದರಿಂದಲೇ ಅಲ್ಲಿ ಸಂತೆಯ ಗದ್ದಲ. ಲೈಸೆನ್ಸಿಗೆ ಕೊಡುವ ಹಣ ವೇಗಕ್ಕಲ್ಲ, ನಿಶ್ಶಬ್ದಕ್ಕೆ. 15 ಗಿಗಾಹರ್ಟ್ಸ್ ಎಂದುಕೊಂಡೆವು.

ಡೆಸಿಬಲ್ ಲೆಕ್ಕ ಸುಲಭ. 11 ಕಿಲೋಮೀಟರ್ ದೂರಕ್ಕೆ ಬಯಲಿನಲ್ಲೇ ಸುಮಾರು 137 ಡೆಸಿಬಲ್ ನಷ್ಟ. ಎರಡಡಿ ಡಿಶ್ ಎರಡೂ ಕಡೆ ಇಟ್ಟರೆ ತಲಾ 36ರಷ್ಟು ವಾಪಸ್ ಬರುತ್ತದೆ. 20 ಡಿಬಿಎಂ ಕಳಿಸಿದರೆ ಆ ತುದಿಗೆ ಮೈನಸ್ 45ರ ಆಸುಪಾಸು. ಕಾಗದದ ಮೇಲೆ ಧಾರಾಳ.

ಎತ್ತರದ ಲೆಕ್ಕ ಅಷ್ಟು ಧಾರಾಳವಲ್ಲ. ನಡುದಾರಿಯಲ್ಲಿ ಫ್ರೆನೆಲ್ ವಲಯದ, ಅಂದರೆ ನೇರ ಗೆರೆಯ ಸುತ್ತ ಅಲೆಗೆ ಬೇಕಾದ ಜಾಗದ, ತ್ರಿಜ್ಯ ಏಳೂವರೆ ಮೀಟರ್ ಹತ್ತಿರ. ಅದರ ಶೇ 60 ಖಾಲಿ ಇರಲೇಬೇಕು. ಭೂಮಿಯ ಉಬ್ಬು ಸುಮಾರು 2 ಮೀಟರ್. ಉಪಗ್ರಹ ನಕ್ಷೆ ನೆಲ ತೋರಿಸಿತೇ ಹೊರತು ಬಿಡಿಬಿಡಿಯಾಗಿ ನಿಂತ ತೆಂಗು ತೋರಿಸಲಿಲ್ಲ. ತೋಟದಲ್ಲಿ ನಿಂತು ನೋಡಿದಾಗ ಮರಗಳು 20 ಮೀಟರ್ ಮುಟ್ಟಿದ್ದವು. "ಇವಿನ್ನೂ ಎಳೇವು ಸಾ, ಇನ್ನೂ ಬೆಳೀತವೆ" ಎಂದರು ತೋಟದ ಯಜಮಾನರು. ಅವರ ಆ ಮಾತಿಗೆ ನಾಲ್ಕು ಮೀಟರ್ ಸೇರಿಸಿದೆ. ಅಲ್ಲಿಗೆ ಡಿಶ್ 30 ಮೀಟರ್ ದಾಟಬೇಕಾಯಿತು. ಟವರ್ ಬಾಡಿಗೆ ಕೇಳುವವರು ಎತ್ತರವನ್ನೂ ನೋಡುತ್ತಾರೆ, ಡಿಶ್‌ನ ಅಗಲವನ್ನೂ ನೋಡುತ್ತಾರೆ. ನಾಲ್ಕಡಿಯ ಡಿಶ್ ಹಾಕಿದರೆ ಒಂದೊಂದು ತುದಿಗೂ 6 ಡೆಸಿಬಲ್ ಲಾಭ, ಜೊತೆಗೆ ನಾಲ್ಕು ಪಟ್ಟು ಗಾಳಿಯ ಹೊಡೆತ. ಒಂದು ಸಲ ಕೊಳ್ಳುವ ಲೋಹಕ್ಕಿಂತ ತಿಂಗಳು ತಿಂಗಳು ಕಟ್ಟುವ ಬಾಡಿಗೆಯೇ ದುಬಾರಿ.

ಮಳೆಯ ವಿಷಯ ಬೇರೆ. ಇಲ್ಲಿ ಮೇ ತಿಂಗಳ ಗುಡುಗುಮಳೆ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್. ಗಂಟೆಗೆ 100 ಮಿಲಿಮೀಟರ್ ರಭಸದಲ್ಲಿ ಸುರಿದರೆ 15 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ 8 ಡೆಸಿಬಲ್‌ನಷ್ಟು ಹೋಗುತ್ತದೆ. 7 ಗಿಗಾಹರ್ಟ್ಸ್‌ನಲ್ಲಿ ಎರಡೂ ಇಲ್ಲ. 15ರಲ್ಲಾದರೆ ಐದು ಕಿಲೋಮೀಟರ್ ಉದ್ದದ ಮಳೆಯೇ 40 ಡೆಸಿಬಲ್ ನುಂಗುತ್ತದೆ. ಶೇ 99.99 ಎಂದರೆ ವರ್ಷಕ್ಕೆ 52 ನಿಮಿಷ ಸ್ಥಗಿತ ಅಷ್ಟೇ ಎಂದು ಮಾರುವವರು ಹೇಳುತ್ತಾರೆ. ಆ ನಿಮಿಷಗಳೆಲ್ಲ ಕೆಲವೇ ಸಂಜೆಗಳಲ್ಲಿ ಒಟ್ಟಿಗೆ ಬರುತ್ತವೆ ಎಂಬುದನ್ನು ಹೇಳುವುದಿಲ್ಲ! ಮಳೆಯಲ್ಲಿ ರೇಡಿಯೋ 256 ಕ್ವಾಮ್ ಎಂಬ ವೇಗದ ಮಾಡ್ಯುಲೇಷನ್‌ನಿಂದ ಗಟ್ಟಿಯಾದ ಕ್ಯೂಪಿಎಸ್‌ಕೆಗೆ ಇಳಿದು, ಕಾಲುಭಾಗ ವೇಗದಲ್ಲಿ ಜೀವ ಹಿಡಿದುಕೊಳ್ಳುತ್ತದೆ. ಆ ಕಾಲುಭಾಗದಲ್ಲಿ ಏನು ಹೋಗಬೇಕು ಎಂಬುದನ್ನು ಗ್ರಾಹಕರ ಬಾಯಿಂದಲೇ ಮೊದಲು ಬರೆಸಿಕೊಳ್ಳುವುದು ನನ್ನ ರೂಢಿಯಾಯಿತು. ಧ್ವನಿ ಕರೆ, ಹಣ ಪಾವತಿ ಇಷ್ಟು ಸಾಕು ಎಂದರೆ ಲಿಂಕಿನ ಬೆಲೆಯೇ ಇಳಿಯುತ್ತದೆ.

ಕಾಗದಪತ್ರ ದೂರಸಂಪರ್ಕ ಇಲಾಖೆಯಲ್ಲಿ ತರಂಗಾಂತರ ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗಕ್ಕೆ, ಸರಳ ಸಂಚಾರ್ ಪೋರ್ಟಲ್ ಮೂಲಕ. ಟವರ್ ನಿಲ್ಲುವ ಜಾಗಕ್ಕೆ ಸಾಕ್ಫಾ ಎಂಬ ಸಮಿತಿಯ ಅನುಮತಿ. ಅಕ್ಷಾಂಶ-ರೇಖಾಂಶವನ್ನು ಟವರ್ ಬುಡದಲ್ಲೇ ನಿಂತು ತೆಗೆಯುವುದು ಒಳ್ಳೆಯದು, ಬಾಡಿಗೆ ಕರಾರಿನಿಂದ ನಕಲು ಮಾಡಬಾರದು. ನಾನು ಲೆಕ್ಕ ಹಾಕುವಾಗ ಸ್ವಂತ ಬಳಕೆಯ ಲಿಂಕಿನ ರಾಯಲ್ಟಿ ದೂರ, ಚಾನಲ್ ಅಗಲ, ಚಾನಲ್ ಸಂಖ್ಯೆ ಇವುಗಳ ಗುಣಾಕಾರವಾಗಿತ್ತು. ಅದಕ್ಕೇ 'ಇರಲಿ' ಎಂದು ಎರಡನೇ ಚಾನಲ್ ಕೇಳುವುದಕ್ಕೆ ನನ್ನ ವಿರೋಧ.

ಈಗ ಕನಕಪುರದ ಬೇಡಿಕೆ ಮೇಜಿನ ಮೇಲಿದೆ. ರಾಮನಗರದಿಂದ ನೇರ ದೂರ ಸುಮಾರು 25 ಕಿಲೋಮೀಟರ್. ನಷ್ಟ 7 ಡೆಸಿಬಲ್ ಹೆಚ್ಚು, ಭೂಮಿಯ ಉಬ್ಬು 9 ಮೀಟರ್, ನಡುವೆ ಗುಡ್ಡಗಳು ಬೇರೆ. ಮಧ್ಯದಲ್ಲೊಂದು ಟವರ್ ಹಿಡಿದರೆ ಎರಡು ಲಿಂಕ್, ಎರಡು ಜೊತೆ ರೇಡಿಯೋ, ಇನ್ನೊಂದು ಬಾಡಿಗೆ. ಮೊದಲು ಆ ದಾರಿಯ ತೋಟಗಳನ್ನು ನೋಡಿ ಬರಬೇಕು.