ವೆಬ್‌ಸೈಟಿನ ಠೇವಣಿ ಉಳಿಸುವ ಸೂತ್ರಗಳು

ಪ್ರಚಾರದ ವೆಬ್‌ಸೈಟು ಹೇಗಿದೆ ಅಂತ ಅಭ್ಯರ್ಥಿಯನ್ನು ಕೇಳಬೇಡಿ. ತಮ್ಮ ಫೋಟೊ ದೊಡ್ಡದಾಗಿ ಬಂದಿದ್ದರೆ ಅವರಿಗೆ ಸಾಕು. ಡಿಸೈನರನ್ನೂ ಕೇಳಬೇಡಿ, ಅವನಿಗೆ ಬಾಕಿ ಬಿಲ್ಲಿನ ಚಿಂತೆ. ಮತದಾರ ಬಳಸಿದ ಹಾಗೆ ನೀವೇ ಬಳಸಿ ನೋಡಿ.

1. ಮೊದಲು ಹೆಸರು ಹುಡುಕಿ. 2015ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಕಾರ್ಲಿ ಫಿಯೊರಿನಾ ತಮ್ಮದೇ ಹೆಸರಿನ ಡಾಟ್ ಆರ್ಗ್ ವಿಳಾಸವನ್ನು ಕೊಂಡಿರಲಿಲ್ಲ. ಬೇರೆ ಯಾರೋ ಕೊಂಡರು. ಎಚ್‌ಪಿ ಕಂಪನಿಯ ಮುಖ್ಯಸ್ಥೆಯಾಗಿದ್ದಾಗ ಆಕೆ ಕೆಲಸದಿಂದ ತೆಗೆದವರು 30,000 ಮಂದಿ ಎಂದು, ಅಷ್ಟೂ ಅಳುಮೋರೆಗಳನ್ನು ಅಲ್ಲಿ ಸಾಲಾಗಿ ಹಾಕಿದರು. ನಮ್ಮಲ್ಲಿ 'ಗೌಡ'ಕ್ಕೆ ಇಂಗ್ಲಿಷಿನಲ್ಲಿ ಡಬ್ಲ್ಯೂ ಹಾಕುವವರೂ ಇದ್ದಾರೆ, ಯು ಹಾಕುವವರೂ ಇದ್ದಾರೆ. ಎರಡನ್ನೂ ಟೈಪ್ ಮಾಡಿ ನೋಡಿ.

2. ಕಡಿಮೆ ಬೆಲೆಯ ಫೋನ್ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ. ಬಿಸಿಲಲ್ಲಿ ನಿಂತು ತೆರೆಯಿರಿ. ಮೆರವಣಿಗೆಯ ವಿಡಿಯೊ ತಿರುಗುತ್ತ ಕೂತು, ಅಷ್ಟರಲ್ಲಿ ಬಸ್ಸೇ ಬಂದರೆ ಆ ವಿಡಿಯೊ ತೆಗೆಸಿ.

3. ಕನ್ನಡ ಕನ್ನಡವಾಗಿಯೇ ಇದೆಯೇ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಅಂಟಿಸಿದರೆ, ಸಾಧನೆಯ ಪುಟವೆಲ್ಲ ಕೊಂಬು ಬಾಲ ಹತ್ತಿದ ಇಂಗ್ಲಿಷ್ ಅಕ್ಷರಗಳ ಸಂತೆ. ನಾನು ನೋಡಿಕೊಟ್ಟ ಒಂದು ಸೈಟಿನಲ್ಲಿ ಈ ರಗಳೆಯೇ ಬೇಡವೆಂದು ಪ್ರಣಾಳಿಕೆಯನ್ನು ಚಿತ್ರ ಮಾಡಿ ಹಾಕಿದ್ದರು. ಕಣ್ಣಿಗೇನೋ ಚೆಂದವೇ. ಆದರೆ ನಾಲ್ಕು ಸಾಲು ನಕಲಿಸಿ ವಾಟ್ಸಾಪಿಗೆ ಹಾಕೋಣವೆಂದರೆ ಬರುವುದಿಲ್ಲ, ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದಿಲ್ಲ, ಹಿಗ್ಗಿಸಿದರೆ ಮಸುಕು. 'ಕೆರೆ' ಅಂತ ಹುಡುಕಿದೆ, ಏನೂ ಸಿಗಲಿಲ್ಲ. ಕೆರೆ ಹೂಳೆತ್ತುವ ಭರವಸೆ ಮೂರನೇ ಚಿತ್ರದಲ್ಲಿ ತಾನೇ ಹೂತುಹೋಗಿತ್ತು. ಅಲಂಕಾರದ ಫಾಂಟಿದ್ದರೆ 'ಕ್ಷೇತ್ರ'ದ ಒತ್ತು ಕಳಚಿ ಬಿದ್ದಿದೆಯೇ ಅದನ್ನೂ ನೋಡಿ.

4. ಕೆಲಸ ಕೊಟ್ಟು ಬಾಯಿ ಮುಚ್ಚಿ ಕೂರಿ. ಪಕ್ಷದವರಲ್ಲದ ಐದಾರು ಜನರನ್ನು ಕರೆದು, 'ಕುಡಿಯುವ ನೀರಿನ ಬಗ್ಗೆ ಇವರು ಏನಂದಿದ್ದಾರೆ ಹುಡುಕಿ', 'ನಿಮ್ಮೂರಿನ ಕಾರ್ಯಕರ್ತರ ನಂಬರ್ ತೆಗೆಯಿರಿ' ಅನ್ನಿ. ಮೇಲಿನ ಮೂರು ಗೆರೆ ಒತ್ತಿ ಅಂತ ನೀವು ಹೇಳಿಕೊಟ್ಟಿರೋ, ಪರೀಕ್ಷೆ ಕೆಟ್ಟಿತು.

5. ರುಚಿಯ ಜಗಳ ಬೇಡ, ಎಣಿಸಿ. 2007ರ ಡಿಸೆಂಬರಿನಲ್ಲಿ ಒಬಾಮ ತಂಡದವರಿಗೆ ಮೊದಲ ಪುಟದಲ್ಲಿ ವಿಡಿಯೊ ಇರಬೇಕೆಂಬ ಆಸೆ. ನಾಲ್ಕು ಬಟನ್‌ಗಳನ್ನೂ ಆರು ಫೋಟೊ-ವಿಡಿಯೊಗಳನ್ನೂ ಬೆರೆಸಿ 24 ಬಗೆಯ ಪುಟ ಮಾಡಿ, ಸುಮಾರು 3.1 ಲಕ್ಷ ಜನರಿಗೆ ಹಂಚಿ ತೋರಿಸಿದರು. ವಿಡಿಯೊಗಳೆಲ್ಲ ಫೋಟೊಗಳ ಮುಂದೆ ಸೋತವು. ಗೆದ್ದದ್ದು ಹೆಂಡತಿ ಮಕ್ಕಳ ಜೊತೆಗಿನ ಫೋಟೊ ಮತ್ತು 'ಇನ್ನಷ್ಟು ತಿಳಿಯಿರಿ' ಎಂಬ ಬಟನ್. ಹೆಸರು ನೋಂದಾಯಿಸುವವರ ಪ್ರಮಾಣ ಶೇ 8.26ರಿಂದ ಶೇ 11.6ಕ್ಕೆ ಏರಿತು. ನಮ್ಮ ನಾಯಕರೂ ಕೈಮುಗಿದ ಫೋಟೊ, ಕೈಬೀಸುವ ಫೋಟೊ ಎರಡನ್ನೂ ಹಾಕಿ ಎಣಿಸಬಹುದು. ಎಣಿಸಲು ಬಿಡುವವರು ಕಡಿಮೆ.

6. ಸಂಪರ್ಕದ ಫಾರಂ ತುಂಬಿ ಕಳಿಸಿ. ಎರಡು ದಿನ ಕಾದರೂ ಉತ್ತರ ಬರದಿದ್ದರೆ ಆ ಪುಟವನ್ನೇ ತೆಗೆಸಿ.

7. ದೇಣಿಗೆಯ ಪುಟದಲ್ಲಿ ಮೊದಲೇ ಟಿಕ್ ಬಿದ್ದಿದೆಯೇ? 2020ರ ಟ್ರಂಪ್ ಪ್ರಚಾರದಲ್ಲಿ ಹೀಗೆ ಮೊದಲೇ ಬಿದ್ದಿದ್ದ ಟಿಕ್ ಗಮನಿಸದೆ, ಒಮ್ಮೆ ಕೊಟ್ಟೆವೆಂದುಕೊಂಡವರ ಖಾತೆಯಿಂದ ಮತ್ತೆ ಮತ್ತೆ ದುಡ್ಡು ಹೋಯಿತು. ಕೋಟಿಗಟ್ಟಲೆ ಡಾಲರ್ ವಾಪಸ್ ಕೊಡಬೇಕಾಯಿತು.

8. ಮುಚ್ಚಿಟ್ಟದ್ದನ್ನು ಹುಡುಕಿ. ಕ್ರಿಮಿನಲ್ ಮೊಕದ್ದಮೆ ಇರುವ ಅಭ್ಯರ್ಥಿಗಳ ವಿವರ ಪಕ್ಷದ ಮುಖಪುಟದಲ್ಲೇ ಕಾಣಬೇಕೆಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಹೇಳಿದೆ. ಅಭ್ಯರ್ಥಿಯ ಸ್ವಂತ ಸೈಟಿನಲ್ಲಿ ನಾಮಪತ್ರದ ಅಫಿಡವಿಟ್ಟಿಗೆ ಒಂದು ಕೊಂಡಿಯಾದರೂ ಇದೆಯೇ? ಜನ ಹೇಗೂ ಚುನಾವಣಾ ಆಯೋಗದ ಸೈಟಿನಲ್ಲಿ ನೋಡುತ್ತಾರೆ. ಇನ್ನು ಡಿಸೈನರ್ ಬಿಲ್ಲನ್ನು ಎಸೆಯಬೇಡಿ: ವಿಧಾನಸಭೆಗೆ ನಿಂತವರ ಖರ್ಚಿನ ಮಿತಿ ಇಲ್ಲಿ 40 ಲಕ್ಷ ರೂಪಾಯಿ, ವೆಬ್‌ಸೈಟಿನ ಪ್ರಚಾರದ ಖರ್ಚೂ ಅದೇ ಲೆಕ್ಕಕ್ಕೆ ಬರುತ್ತದೆ.