ಬಾಮಿಯಾನದ ಹುಲ್ಲುಕಡ್ಡಿ

ಆಫ್ಘಾನಿಸ್ಥಾನದ ಬಾಮಿಯಾನ್ ಕಣಿವೆಯ ಕಡಿದಾದ ಬಂಡೆಯಲ್ಲಿ 55 ಮೀಟರು ಮತ್ತು 38 ಮೀಟರು ಎತ್ತರದ ಎರಡು ಬುದ್ಧವಿಗ್ರಹಗಳು ಶತಮಾನಗಳ ಮಳೆ ಹಿಮಗಳನ್ನು ತಾಳಿಕೊಂಡು ನಿಂತಿದ್ದವು. 2001ರ ಮಾರ್ಚಿಯಲ್ಲಿ, ಅಂದು ಅಲ್ಲಿ ಆಳುತ್ತಿದ್ದ ತಾಲಿಬಾನರು ತಮ್ಮ ನಾಯಕನ ಆಜ್ಞೆಯಂತೆ ಅವುಗಳ ಮೇಲೆ ಫಿರಂಗಿ ಹಾರಿಸಿ, ಅದು ಸಾಲದೆ ಸಿಡಿಮದ್ದು ತುಂಬಿ ಉರುಳಿಸಿದರು.

ಈ ವಿಗ್ರಹಗಳನ್ನು ಕೆತ್ತಿದ್ದು ಯಾವಾಗ? ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಸುಮಾರು ಕ್ರಿ. ಶ. 630ರಲ್ಲಿ ಇವನ್ನು ಕಂಡು ಬರೆದಿದ್ದಾನೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿ ಕನ್ನಡಿಗರಿಗೆ ಪರಿಚಿತನಾದವನು ಈತನೇ. ಆದರೆ ಅವನಿಗಿಂತ ಎಷ್ಟು ಹಿಂದಿನವೆಂಬ ವಿಷಯದಲ್ಲಿ ವಿದ್ವಾಂಸರ ಅಭಿಪ್ರಾಯಗಳು ಶತಮಾನಗಳಷ್ಟು ಬೇರೆಯಾಗಿದ್ದವು.

ಕಲ್ಲನ್ನೇ ಏಕೆ ಪರೀಕ್ಷಿಸಬಾರದೆಂದು ವಿದ್ಯಾರ್ಥಿಗಳು ಕೇಳುವುದುಂಟು. ಕಲ್ಲು ತಾನು ಭೂಮಿಯಲ್ಲಿ ಉಂಟಾದ ಕಾಲವನ್ನು ಹೇಳೀತು. ಉಳಿ ತಾಗಿದ ಕಾಲವನ್ನು ಹೇಳಲಾರದು. ಆದರೆ ಶಿಲ್ಪಿಗಳು ಉಡುಪಿನ ಮಡಿಕೆಗಳನ್ನು ಮಣ್ಣಿನ ಗಾರೆಯಿಂದ ತಿದ್ದಿದ್ದರು. ಗಾರೆ ಬಿರಿಯದಿರಲೆಂದು ಅದರಲ್ಲಿ ಒಣಹುಲ್ಲನ್ನೂ ಪ್ರಾಣಿಗಳ ರೋಮವನ್ನೂ ಕಲಸಿದ್ದರು. ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಇದೇನೂ ಹೊಸದಲ್ಲ.

ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಬಿಡುಗಡೆಯಾಗುವ ನ್ಯೂಟ್ರಾನುಗಳು ಸಾರಜನಕದ ಪರಮಾಣುಗಳನ್ನು ತಾಗಿದಾಗ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲವು ಹುಟ್ಟುತ್ತದೆ. ಬೆಳೆಯುವ ಸಸ್ಯವು ಗಾಳಿಯಿಂದ ಇದನ್ನೂ ಹೀರಿಕೊಳ್ಳುತ್ತದೆ. ಕೊಯ್ದೊಡನೆ ಆದಾಯ ನಿಂತು ವೆಚ್ಚ ಮಾತ್ರ ಉಳಿಯುತ್ತದೆ. 5730 ವರ್ಷಗಳಲ್ಲಿ ಇಂಗಾಲ-14 ಅರ್ಧಕ್ಕೆ ಇಳಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ 1450 ವರ್ಷಗಳ ಹಿಂದೆ ಕೊಯ್ದ ಹುಲ್ಲಿನಲ್ಲಿ ಮೊದಲಿದ್ದುದರ ಶೇಕಡ 84ರಷ್ಟು ಉಳಿದಿರಬೇಕು. 50 ವರ್ಷಗಳ ಅಂತರವನ್ನು ಗುರುತಿಸಬೇಕಾದರೆ ಶೇಕಡ 0.6ರಷ್ಟು ಅಲ್ಪ ವ್ಯತ್ಯಾಸವನ್ನು ಅಳೆಯಬೇಕು! ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವಾದ್ದರಿಂದ, ಮರಗಳ ವಾರ್ಷಿಕ ಉಂಗುರಗಳ ನೆರವಿನಿಂದ ಲೆಕ್ಕವನ್ನು ತಿದ್ದಿಕೊಳ್ಳುವುದೂ ಅಗತ್ಯ. ಇಂಥ ಕೆಲಸಕ್ಕೆ ಮರದ ತೊಲೆಗಿಂತ ಹುಲ್ಲು ಮೇಲು. ತೊಲೆಯ ಒಳತಿರುಳು ಮರ ಕಡಿಯುವುದಕ್ಕೆ ನೂರು ವರ್ಷ ಮೊದಲೇ ಬೆಳೆದದ್ದಾಗಿರಬಹುದು. ಹುಲ್ಲು ಕೊಯ್ದ ವರ್ಷದ್ದೇ.

ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಜ್ಞರು ಅವಶೇಷಗಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಿಕ್ಕ ವಿಗ್ರಹ ಕ್ರಿ. ಶ. 544ರಿಂದ 595ರೊಳಗಿನದು, ದೊಡ್ಡದು 591ರಿಂದ 644ರೊಳಗಿನದು. ಎಂದರೆ ಹ್ಯೂಯೆನ್ ತ್ಸಾಂಗನು ಕಂಡಾಗ ದೊಡ್ಡ ಬುದ್ಧನ ಗಾರೆ ಇನ್ನೂ ಹೊಸತೇ.

ನಾಶದಿಂದ ವಿಜ್ಞಾನಕ್ಕೆ ಲಾಭವೇ ಆಯಿತಲ್ಲ ಎಂದು ಯಾರಾದರೂ ಹೇಳಿಯಾರು. ನಾವು ಇದನ್ನು ಒಪ್ಪುವುದಿಲ್ಲ. ಪರಮಾಣುಗಳನ್ನು ವೇಗೋತ್ಕರ್ಷಕ ಯಂತ್ರದಲ್ಲಿ ಹಾಯಿಸಿ ಒಂದೊಂದಾಗಿ ಎಣಿಸುವ ಇಂದಿನ ವಿಧಾನಕ್ಕೆ ಒಂದು ಮಿಲಿಗ್ರಾಂ ಇಂಗಾಲ ಸಾಕು. ನಿಂತಿದ್ದ ವಿಗ್ರಹದ ಮರೆಯ ಮಡಿಕೆಯಿಂದ ಒಂದು ಹುಲ್ಲುಕಡ್ಡಿಯನ್ನು ಕಿತ್ತಿದ್ದರೂ ಇದೇ ಉತ್ತರ ದೊರೆಯುತ್ತಿತ್ತು.

ದೊರೆಯಲಾರದೆ ಹೋದುದು ಬೇರೆ. ಚಿಕ್ಕ ಬುದ್ಧನ ತಲೆಯ ಮೇಲಿನ ಕಮಾನಿನಲ್ಲಿ ರಥವೇರಿದ ಸೂರ್ಯದೇವನ ದೊಡ್ಡ ಚಿತ್ರವಿತ್ತು. ಸ್ಫೋಟದಲ್ಲಿ ಅದೂ ಅಳಿಯಿತು. ಇತ್ತ ಸುತ್ತಲಿನ ಗುಹೆಗಳ ಚಿತ್ರಗಳಿಂದ ತೆಗೆದ ಬಣ್ಣದ ಚೂರುಗಳನ್ನು ಫ್ರಾನ್ಸಿನ ಗ್ರೆನೋಬಲಿನ ಸಿಂಕ್ರೋಟ್ರಾನ್ ಯಂತ್ರದ ಕ್ಷಕಿರಣಗಳಿಂದ ಪರೀಕ್ಷಿಸಿದವರು, ಏಳನೆಯ ಶತಮಾನದ ಕೆಲವು ಚಿತ್ರಗಳಲ್ಲಿ ಒಣಗುವ ಎಣ್ಣೆಯನ್ನು ಬಳಸಿರುವುದನ್ನು 2008ರಲ್ಲಿ ತಿಳಿಸಿದರು. ಯೂರೋಪಿನಲ್ಲಿ ತೈಲವರ್ಣ ಪ್ರಸಿದ್ಧವಾಗುವುದಕ್ಕೆ ಎಷ್ಟೋ ಶತಮಾನ ಮೊದಲಿನ ಮಾತು ಇದು! ಸೂರ್ಯರಥದಲ್ಲಿಯೂ ಇದೇ ಕ್ರಮವಿತ್ತೆ, ಯಾವ ಬಣ್ಣದ ಮೇಲೆ ಯಾವುದನ್ನು ಹಚ್ಚಿದ್ದರು ಎಂದು ಕೇಳಲು 2001ಕ್ಕೆ ಮೊದಲು ಗೋಡೆಯಿತ್ತು, ಈ ಪರೀಕ್ಷೆ ನಡೆದಿರಲಿಲ್ಲ. ಈಗ ಉಪಕರಣವಿದೆ. ವಿಗ್ರಹಗಳ ದೊಡ್ಡ ಕಲ್ಲುಗಳನ್ನು ಆರಿಸಿ ತೆಗೆದಿರಿಸಿದ್ದಾರೆ. ಆ ಚಿತ್ರದ ಗಾರೆ ಮಾತ್ರ ಧೂಳಾಗಿ ಹೋಗಿದೆ.