ಅಂಗೈ ಸಿಪ್ಪೆ ಏಳುತ್ತಿದ್ದರೆ

ಭೀಮಾ ದಂಡೆಯ ದೇವಣಗಾಂವದಲ್ಲಿ ಹತ್ತಿ ಬಿಡಿಸುವ, ರೊಟ್ಟಿ ಬಡಿಯುವ, ಬಟ್ಟೆ ಒಗೆಯುವ ಕೈ ಬಹಳಷ್ಟು ಮನೆಗಳಲ್ಲಿ ಒಬ್ಬಳೇ ಹೆಣ್ಣುಮಗಳದ್ದು. ಚಳಿಗಾಲದ ಒಣಗಾಳಿ ಬೀಸತೊಡಗಿದರೆ ಆ ಕೈಯ ಬೆರಳ ತುದಿಯಿಂದಲೇ ತೊಗಲು ಸುಲಿಯಲು ಶುರು. ಹೆಚ್ಚಿನ ಸಲ ಸೋಪಿನ ಪುಡಿಯೇ ಕಾರಣ. ಅದು ಚರ್ಮದ ಎಣ್ಣೆಯಂಶವನ್ನೇ ತೊಳೆದುಬಿಡುತ್ತದೆ. ಗೌಂಡಿಗಳಿಗೆ ಸಿಮೆಂಟಿನದೂ ಇದೇ ಕಾಟ. ಬೇಸಿಗೆಯಲ್ಲಿ ಕೆಲವರ ಅಂಗೈ ತುರಿಕೆಯಿಲ್ಲದೆ ದುಂಡಗೆ ಸುಲಿದು ತಾನಾಗಿ ಮಾಯುತ್ತದೆ, ಅದು ಅಂಟುರೋಗವಲ್ಲ.

ಎದ್ದ ಸಿಪ್ಪೆ ಕೀಳಬೇಡಿ, ಹಲ್ಲಿಗೆ ಕೊಡಲೇಬೇಡಿ. ಕೈ ತೊಳೆದು ಒರೆಸಿ, ತುಸು ಹಸಿ ಇರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರಿ. ಮಲಗುವಾಗ ದಪ್ಪಗೆ ಹಚ್ಚಿ, ಹಳೆಯ ಕಾಟನ್ ಕಾಲುಚೀಲವನ್ನು ಕೈಗೆ ತೊಟ್ಟುಕೊಳ್ಳಿ. ಒಗೆಯುವಾಗ ರಬ್ಬರ್ ಕೈಗವಸು ಇರಲಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಅಕ್ಕಾರೇ: ಮೆಡಿಕಲ್ ಅಂಗಡಿಯಲ್ಲಿ ಸುಮ್ಮನೆ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಬೇಡ. ಗಜಕರ್ಣವಿದ್ದರೆ ಮೇಲೆ ತಣ್ಣಗಾದಂತೆ ಕಂಡು ಇನ್ನಷ್ಟು ಹಬ್ಬುತ್ತದೆ. ಒಂದೇ ಕೈ ಸುಲಿಯುತ್ತಿದ್ದು ಪಾದಗಳಲ್ಲೂ ಹೊಟ್ಟು ಏಳುತ್ತಿದ್ದರೆ ಅದೇ ಸಂಶಯ. ಮನೆಮಂದಿಗೆಲ್ಲ ರಾತ್ರಿ ತುರಿಕೆಯಾದರೆ ಕಜ್ಜಿ ಇರಬಹುದು, ಎಲ್ಲರೂ ಒಟ್ಟಿಗೇ ಔಷಧ ತೆಗೆದುಕೊಳ್ಳಬೇಕು. ಕೀವು, ಆಳವಾದ ಸೀಳು ಕಂಡರೆ ಸರಕಾರಿ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ತಡಮಾಡಲೇಬಾರದು. ಜ್ವರ ಬಂದ ಮಗುವಿನ ಬೆರಳು ಸುಲಿದರೆ ಅಂದೇ ತೋರಿಸಿ.